ಹಳ್ಳದ ನೀರು, ಮಧ್ಯಾಹ್ನ ಎರಡು ಗಂಟೆ

1974 ಏಪ್ರಿಲ್ 9, ಬಾಗೇವಾಡಿ
ಮುಂಜಾನೆ ಆರಕ್ಕೆ ಹಳ್ಳದ ನೀರು 25 ಡಿಗ್ರಿ. ಮಧ್ಯಾಹ್ನ ಎರಡಕ್ಕೆ 33. ಹುಳ ನೂರು ಹಿಡಿದೆ. ಕೆಂಪು, ನೂಲಿನಷ್ಟು ಸಣ್ಣವು — ಸೊಳ್ಳೆಯಂಥ ನೊಣದ, ಇನ್ನೂ ರೆಕ್ಕೆ ಬರದ ಮರಿಗಳು. ಸ್ಪಿರಿಟ್‌ನಲ್ಲಿ ಹಾಕಿದೆ. ಥೀಸಿಸ್‌ನ ಪ್ರಶ್ನೆ ಒಂದೇ. ಫೆಬ್ರವರಿಯ ತಣ್ಣೀರಲ್ಲಿದ್ದಂಥ ಹುಳಗಳೇ ಮೇ ತಿಂಗಳ ಬಿಸಿ ತಾಳುತ್ತವೋ, ಅಥವಾ ಅವು ಸತ್ತು, ಹುಟ್ಟಿನಿಂದಲೇ ತಾಳುವಂಥವು ಮಾತ್ರ ಉಳಿಯುತ್ತವೋ.
ನಾಳೆ ಧಾರವಾಡಕ್ಕೆ. ಆರು ವಾರ ಮೈಕ್ರೋಸ್ಕೋಪ್ ಸಿಗುತ್ತದೆ. ಇಲ್ಲಿನ ಕೆಲಸ ಇವರಿಗೆ. ಊರಿಗೆಲ್ಲ ಪರಮಾನಂದ ಮಾಸ್ತರು, ನನಗೆ ಬರೇ ಇವರು.
"ನೀ ಹೋಗು. ಹೆಂಗೂ ಸಾಲಿ ಸೂಟಿ ಬಂತು. ಹಳ್ಳಕ್ಕ ನಾ ಹೋಗ್ತೇನಿ."
ಅತ್ತಿ ಶಂಕ್ರೆವ್ವ ಒಲಿ ಮುಂದಿಂದ, "ಹುಳದ ಜ್ವರಾ ನೋಡಾಕ ಮಾಸ್ತರ ಬೇಕೇನ?" ಅಂದರು. ನಕ್ಕೆವು.

ಏಪ್ರಿಲ್ 28, ಧಾರವಾಡ
ಸ್ಲೈಡ್ ನೋಡಿ ನೋಡಿ ಕಣ್ಣುರಿ. ಹುಳದ ಜೊಲ್ಲಿನ ಗ್ರಂಥಿ ಒಡೆದರೆ ಕ್ರೋಮೋಸೋಮ್ ಕಾಣುತ್ತದೆ — ದಪ್ಪ, ಪಟ್ಟಾಪಟ್ಟಿ. ಕೆಲವು ಹುಳಗಳಲ್ಲಿ ಅದರ ಒಂದು ತುಣುಕು ತಿರುವುಮುರುವಾಗಿ ಕೂತಿದೆ. ಫೆಬ್ರವರಿಯಲ್ಲಿ ಅಂಥವು ನೂರಕ್ಕೆ 12. ಏಪ್ರಿಲ್‌ನಲ್ಲಿ 41. ನೀರು ಕಾದಂತೆ ಅವೇ ಹೆಚ್ಚುತ್ತಿವೆ. ಗೈಡ್ ಮೊದಲ ಸಲ ನಕ್ಕರು. ಮೇ ನೀರಿನ ಲೆಕ್ಕ ಗಟ್ಟಿ ಇರಬೇಕು ಅಂದರು.
ಇವರಿಗೆ ಕಾರ್ಡ್ ಹಾಕಿದೆ. ಒಂದು ದಿನವೂ ತಪ್ಪಿಸಬೇಡಿ.

ಮೇ 19, ಬಾಗೇವಾಡಿ
ಬರೆಯಬೇಕು. 11ನೇ ತಾರೀಖು ಇವರು ತೀರಿಕೊಂಡರು. ಹಳ್ಳದಿಂದ ಬರುವಾಗ ಬಿಸಿಲು ಬಡಿದು ಬಿದ್ದರಂತೆ. ಮೈ ಹೆಂಚಿನ ಹಾಗೆ ಸುಡುತ್ತಿತ್ತಂತೆ. ಧಾರವಾಡಕ್ಕೆ ತಾರು ಮುಟ್ಟಿ, ನಿಡಗುಂದಿಯಲ್ಲಿ ಬಸ್ಸು ತಪ್ಪಿ... ನಾನು ಬರುವಷ್ಟರಲ್ಲಿ ಮಣ್ಣು ಆಗಿತ್ತು.
ಅಳು ಬರಲಿಲ್ಲ. ಇವತ್ತು ಎರಡು ರೊಟ್ಟಿ ಉಂಡೆ. ಅರಿವೆ ಒಗೆದೆ. ಅತ್ತಿ ಮಾತಾಡುವುದಿಲ್ಲ.

ಜೂನ್ 30
ಇವರ ನೋಟ್‌ಬುಕ್ ತೆಗೆದೆ. ಒಂದು ದಿನವೂ ತಪ್ಪಿಲ್ಲ. ಮೇ 10 — 36. ಮೇ 11 — 36.5. ಮರುದಿನಕ್ಕೆ ಗೆರೆ ಹಾಕಿಟ್ಟಿದ್ದಾರೆ. ಬಾಟಲಿಗಳ ಮೇಲೆ ದುಂಡು ಅಕ್ಷರದ ಚೀಟಿ. ಮತ್ತೆ ಟ್ರಂಕಿನಲ್ಲಿಟ್ಟೆ.

ಆಗಸ್ಟ್ 4, ಧಾರವಾಡ
ಇವರು ಹಿಡಿದಿಟ್ಟ ಮೇ ತಿಂಗಳ ಹುಳ. ತುಣುಕು ತಿರುವಿನವು ನೂರಕ್ಕೆ 68. ಗೈಡ್ ನೋಟ್‌ಬುಕ್ ನೋಡಿ ತಲೆ ಅಲ್ಲಾಡಿಸಿದರು.
"ಹರಿಯೋ ನೀರು 36 ಹೆಂಗ ಆಗ್ತೈತ್ರಿ ಸುಮಿತ್ರಾಬಾಯಿ? ಮಾಸ್ತರು ಥರ್ಮಾಮೀಟರ್ ಬಿಸಿಲಾಗ ಹಿಡಿದಿರಬೇಕು. ಅವರ ಲೆಕ್ಕ ಬಿಟ್ಟುಬಿಡ್ರಿ."
ಹೂಂ ಅಂದೆ. ಹಾಸ್ಟೆಲ್‌ಗೆ ಬಂದು ಮಲಗಿದೆ.

ಆಗಸ್ಟ್ 18, ಬಾಗೇವಾಡಿ
ಹಳ್ಳದಲ್ಲಿ ಅರಿವೆ ಒಗೆಯುವ ಪೀರಬಿ ತಾನಾಗೇ ಮನಿಗೆ ಬಂದಳು.
"ಮಾಸ್ತರ, ನೆಳ್ಳಿಗೆ ಬರ್ರಿ ಅಂದ್ನಿರಿ. ಕೇಳಲಿಲ್ಲ. ಆ ಜ್ವರಾ ನೋಡೂ ಕಾಜಿನ ಕಡ್ಡಿ ನೀರಾಗ ಮುಳಗಿಸಿ ಗಡಿಯಾರ ನೋಡ್ಕೋತ ಕುಂತ್ರು. ಐದು ನಿಮಿಷ ನೀರಾಗ ಇರಬೇಕಂತ ಹೇಳ್ಯಾಳ, ಅಂದ್ರು."
ಹೌದು. ನಾನೇ ಹೇಳಿದ್ದೆ.
ಗೈಡಿಗೆ ಪತ್ರ ಬರೆದೆ. ಲೆಕ್ಕ ಬಿಡುವುದಿಲ್ಲ. ಬರುವ ಮೇ ತಿಂಗಳು ನಾನೇ ಅಳೆದು ತೋರಿಸುತ್ತೇನೆ.

ಅಕ್ಟೋಬರ್ 20, ಧಾರವಾಡ
ಮಳೆ ಮುಗಿಯಿತು. ಹಳ್ಳದ ನೀರು ತಣ್ಣಗೆ. ತಿರುವಿನವು 17ಕ್ಕೆ ಇಳಿದಿವೆ. ಯಾವ ಹುಳವೂ ತಾನು ಬದಲಾಗಿಲ್ಲ. ಸತ್ತವು ಸತ್ತವು. ಉಳಿದವುಗಳ ಮರಿ ಹಳ್ಳ ತುಂಬಿಕೊಂಡವು. ಇಷ್ಟು ಬರೆದು ಊಟಕ್ಕೆ ಎದ್ದೆ.

1975 ಮಾರ್ಚ್ 2, ಸಿಂದಗಿ
ಅಣ್ಣ ಖಂಡೆಪ್ಪನ ಮನಿ. "ಆ ಮುದುಕಿ ನಿನ್ನ ಮುಖಾನೂ ನೋಡೂದಿಲ್ಲ. ಅಲ್ಲೇನೈತಿ? ಇಲ್ಲೇ ಬಂದ್ಬಿಡು."
"ಮೇ ಆಗಲಿ," ಅಂದೆ. ಅವನಿಗೆ ಅರ್ಥ ಆಗಲಿಲ್ಲ.

ಮೇ 11, ಬಾಗೇವಾಡಿ. ಮಧ್ಯಾಹ್ನ ಮೂರು
ಹತ್ತು ದಿನದಿಂದ ಹಳ್ಳಕ್ಕೆ ಹೋಗುತ್ತಿದ್ದೇನೆ. ಇವತ್ತು ಅತ್ತಿ ಛತ್ರಿ ಹಿಡಿದು ಹಿಂದೆ ಬಂದರು. ಕರೆದಿರಲಿಲ್ಲ. ನಾನು ನೀರಲ್ಲಿ ಕೂತಷ್ಟು ಹೊತ್ತೂ ನನ್ನ ತಲೆ ಮೇಲೆ ಹಿಡಿದು ನಿಂತರು. ಗೇಣು ನೀರು, ಕೆಳಗೆ ಕಾದ ಕರಿ ಬಂಡೆ. ಪಾದರಸ 36 ದಾಟಿತು. ಇವರ ಲೆಕ್ಕ ತಪ್ಪಿರಲಿಲ್ಲ.
"ಒಂದು ಹುಳಾ ತೋರ್ಸು," ಅಂದರು ಅತ್ತಿ. ವರ್ಷದಲ್ಲಿ ಕೇಳಿದ ಮೊದಲ ಮಾತು. ಅವರ ಅಂಗೈ ಮೇಲಿಟ್ಟೆ. ಕಣ್ಣ ಹತ್ತಿರ ತಂದು ನೋಡಿದರು.
"ಇಷ್ಟ ಸಣ್ಣದೇನ?"
"ಅತ್ತಿ... ಅವರನ್ನ ಬಿಸಿಲಾಗ ಕಳಿಸಿದಾಕಿ ನಾನ."
"ಗೊತ್ತೈತಿ."
ಬಗ್ಗಿ ಹುಳವನ್ನು ನೀರಿಗೆ ಬಿಟ್ಟರು. ಒದ್ದೆ ಕೈಯಿಂದ ನನ್ನ ಮುಖ ಒರೆಸಿದರು. ಆಗಲೇ ತಿಳಿದದ್ದು, ನಾನು ಅಳುತ್ತಿದ್ದೆ.