ಪೈಪಿನ ಅಳತೆಗೆ ಬಳೆ

೧೨ ನವೆಂಬರ್ ೧೯೮೮, ಶನಿವಾರ. ಬೊರಿವಲಿ.

ಸಿಂಕಿನ ಕೆಳಗಿನ ಕಪಾಟಿನ ಹಲಗೆಯಲ್ಲಿ ತೂತು ಕೊರೆದು ತೂರಿಸಬೇಕಾದ ಪೈಪು ಇವತ್ತೂ ಕಾಡಿತು. ಎರಡಿಂಚಿನ ಪೈಪಲ್ಲವೇ ಎಂದು ನಿನ್ನೆ ಎರಡಿಂಚಿನ ಹೋಲ್ ಸಾ, ಅಂದರೆ ದುಂಡು ತೂತು ಕೊರೆಯುವ ಗರಗಸ, ತಂದು ಮೊದಲು ಚೂರು ಹಲಗೆಯಲ್ಲಿ ಕೊರೆದು ನೋಡಿದ್ದೆ. ಪೈಪು ತೂರಲಿಲ್ಲ. ಎರಡಿಂಚು ಅದರ ಒಳಗಿನ ಅಳತೆಯಂತೆ, ನನ್ನ ತಲೆ!

ಬೆಳಿಗ್ಗೆ ಅಮ್ಮ ಪೆಟ್ಟಿಗೆಯಿಂದ ಹಸಿರು ಗಾಜಿನ ಬಳೆಯೊಂದನ್ನು ತೆಗೆದು ಪೈಪಿಗೆ ತೊಡಿಸಿದಳು. ಸರಿಯಾಗಿ ಕೂತಿತು.

"ಎರಡಿಂಚು ಅನ್ನೋ ಹೆಸರು ನಂಬ್ಕೊಂಡು ಹೋಗ್ಬೇಡ, ಇದನ್ನ ತಗೊಂಡ್ಹೋಗು."

ಬೈಕುಲ್ಲಾದ ಅಂಗಡಿಯವನು ಬಳೆಯನ್ನು ಒಂದೊಂದು ಸಾ ಮೇಲೂ ಇಟ್ಟು ನೋಡಿ, "ಢಾಯಿ ಇಂಚ್ ಲೇ ಜಾವ್, ಸಾಬ್" ಎಂದ. ಆ ಎರಡೂವರೆ ಇಂಚಿನ ಸಾ ತಂದು ಕೊರೆದ ತೂತಿನಲ್ಲಿ ಪೈಪು ಕೂತಿತು.

ಅಪ್ಪ ಹೋದಾಗ ಅಮ್ಮನ ಬಳೆಗಳನ್ನೆಲ್ಲ ಒಡೆದರೆಂದೇ ತಿಳಿದಿದ್ದೆ. ಈ ಬಳೆ ಹಿಂದಿರುಗಿಸಿದಾಗ ಅವಳು ಅದನ್ನೊಮ್ಮೆ ಕೈಗೆ ಹಾಕಿಕೊಂಡಳು. ಮೊಣಕೈವರೆಗೂ ಜಾರಿತು. ಇಷ್ಟು ಸೊರಗಿದ್ದಾಳೆಂದು ನಾನು ನೋಡಿಯೇ ಇರಲಿಲ್ಲ.