ಮೇಲಿನ ಗೆರೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಲ್ಯಾಬಿನಲ್ಲಿ ಮೇಡಂ ಕೋಟಿನ ಜೇಬಿನಿಂದ ಒಂದು ಗ್ಲೌಸು ಇಣುಕುತ್ತಿತ್ತು. ಐದೂ ಬೆರಳು ಗಾಳಿ ತುಂಬಿ ಉಬ್ಬಿದ್ದವು. ಒಳಗೆ ಯಾರೋ ಕೂತು ಟಾಟಾ ಮಾಡುತ್ತಿರುವಂತೆ. ನಗು ಬಂತು. ಯಾರಿಗೂ ಹೇಳಲಿಲ್ಲ. ಅಷ್ಟು ಸಲುಗೆ ಇನ್ನೂ ಯಾರ ಜೊತೆಗೂ ಇಲ್ಲ.

ಆ ಗ್ಲೌಸು ಕೈಗೇರಿತೆಂದರೆ ಮೇಡಂ ಮಾತು ಬಂದ್. ಆರ್‌ಎನ್‌ಎ ಎನ್ನುವ ಜೀನಿನ ನಕಲು ಅಷ್ಟು ನಾಜೂಕಂತೆ. ಬೆರಳು ತಾಗಿದರೂ ಕೆಟ್ಟಿತು, ಎಂಜಲು ಹಾರಿದರೂ ಕೆಟ್ಟಿತು. ಏನಿದ್ದರೂ ಅದಕ್ಕೆ ಮುಂಚೆಯೇ ಕೇಳಬೇಕು.

ನನ್ನ ಕೆಲಸ ಅವರ ರಿಪೋರ್ಟನ್ನು ರೋಗಿಗಳ ಮನೆಯವರಿಗೆ ಅರ್ಥವಾಗುವಂತೆ ಬರೆಯುವುದು. ಸಾಹಿತ್ಯದ ಎಂ.ಎ.ಗೆ ಸಿಕ್ಕಿದ್ದು ಇದೊಂದೇ. ಇವತ್ತು ಸ್ಪ್ಲೈಸಿಂಗ್ ಪಾಠ.

"ಜೀನಿಂದ ಮೊದಲು ಉದ್ದದ ನಕಲು ಬರತ್ತೆ. ಅದರಲ್ಲಿ ಬೇಡದ ತುಂಡುಗಳೇ ಜಾಸ್ತಿ. ಜೀವಕೋಶ ಅವನ್ನ ಕತ್ತರಿಸಿ ಬಿಸಾಕಿ, ಬೇಕಾದ್ದನ್ನ ಜೋಡಿಸತ್ತೆ. ಮೊದಲು ಇದು ಕಣ್ಣಿಗೆ ಬಿದ್ದಿದ್ದು ನೆಗಡಿ ತರೋ ಒಂದು ವೈರಸ್ಸಲ್ಲಿ. ಆಮೇಲೆ ನೋಡಿದ್ರೆ ನಮ್ಮದೂ ಅದೇ ಕತೆ."

"ಕತ್ತರಿ ತಪ್ಪಿದ್ರೆ ಮೇಡಂ?"

"ಬೇಡದ ತುಂಡು ಒಳಗೇ ಉಳಿಯತ್ತೆ, ಪ್ರೋಟೀನ್ ಕೆಡತ್ತೆ. ನೀವು ಸಾಹಿತ್ಯದವರು ಬೇಡದ್ದನ್ನೇ ಉಳಿಸ್ಕೊಂಡು ಪುಸ್ತಕ ಮಾಡ್ತೀರ, ಅದು ಬೇರೆ."

ಮಾರ್ಚ್ 5

ಅಕ್ಕನ ಫೋನ್. "ಏನೇ ಸಾಹಿತಿ, ನಮ್ಮ ರಕ್ತ ನಿಮ್ಮ ಲ್ಯಾಬಿಗೇ ಬಂದಿದೆಯಂತೆ." ಫೈಲಿನ ನಂಬರನ್ನೂ ಓದಿ ಹೇಳಿದಳು. ಅವಳ ಮಗ ಗುಂಡನದು, ಅವಳದು.

ಗುಂಡನಿಗೆ ಐದು ವರ್ಷ. ನೆಲದಿಂದ ಏಳುವಾಗ ತನ್ನ ಮೊಣಕಾಲನ್ನೇ ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ತಾನು ಹತ್ತುತ್ತಾನೆ. ಸ್ನಾಯುವಿನ ಕಾಯಿಲೆ. ಇಂಥದು ಬರಬೇಕಾದರೆ ಅಪ್ಪನಿಂದೊಂದು, ಅಮ್ಮನಿಂದೊಂದು, ಎರಡು ದೋಷ ಸೇರಬೇಕು; ಒಂದೇ ಇದ್ದರೆ ಏನೂ ಆಗುವುದಿಲ್ಲ. ಭಾವನದು ಸಿಕ್ಕಿದೆ. ಅಕ್ಕನದು ಸಿಕ್ಕಿಲ್ಲ. ಅವಳಿಗೀಗ ಮೂರನೇ ತಿಂಗಳು. ಅವಳ ದೋಷ ಯಾವುದೆಂದು ಗೊತ್ತಾದರೆ ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷೆ ಮಾಡಬಹುದು. ಅದೂ ಈ ತಿಂಗಳೊಳಗೆ.

"ನಿಮ್ಮಕ್ಕ ಅಂತ ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಅಯ್ಯೋ ಪಾಪ ಅನ್ನಿಸ್ಕೊಂಡು ಸಾಕಾಗಿದೆ."

ಹೂಂ ಅಂದೆ. ಬಾಯಿ ಬಿಡದಿರುವುದು ನನಗೆ ಕಷ್ಟವೇ?

ಮಾರ್ಚ್ 7

ಮೇಡಂ ಸಿರಿಂಜ್ ಹಿಡಿದು ಬಂದರು. ಹೋಲಿಸಿ ನೋಡಲು ಆರೋಗ್ಯವಂತರ ತಾಜಾ ರಕ್ತ ಬೇಕಂತೆ. ಲ್ಯಾಬಿನಲ್ಲಿ ಅರ್ಧ ಜನಕ್ಕೆ ಜ್ವರ. "ನೀನಾದ್ರೂ ಗುಂಡುಕಲ್ಲಿನ ಹಾಗಿದ್ದೀಯ, ಕೊಡು ಕೈ." ಯಾವ ಪರೀಕ್ಷೆಗೆ ಅಂತ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಗ್ಲೌಸು ಏರಿಯಾಗಿತ್ತು. ತೋಳು ಚಾಚಿದೆ.

ಮಾರ್ಚ್ 14

ಮೇಡಂ ಕಂಪ್ಯೂಟರ್ ಮುಂದೆ ಕರೆದರು. ಕಪ್ಪು ಚಿತ್ರ, ಪಕ್ಕಪಕ್ಕದಲ್ಲಿ ಮೂರು ನಿಂತ ಸಾಲು, ಒಂದೊಂದರಲ್ಲೂ ಬಿಳಿ ಗೆರೆಗಳು.

"ಕೆಳಗಿನ ಗೆರೆ ಸರಿಯಾದ ನಕಲು. ಮೇಲಿನದು ಉದ್ದದ ನಕಲು, ಬೇಡದ ತುಂಡು ಉಳಿದಿದ್ದು. ಮೊದಲು ಮಗುದು, ಪಕ್ಕದಲ್ಲಿ ತಾಯಿದು. ಇಬ್ಬರಲ್ಲೂ ಮೇಲಿನ ಗೆರೆ ಇದೆ. ಸಿಕ್ತು ಅಂತ ಕುಣಿದುಬಿಟ್ಟಿದ್ದೆ. ಆದ್ರೆ ಮೂರನೇ ಸಾಲಲ್ಲೂ ಇದೆ ನೋಡು."

"ಮೂರನೇದು ಯಾರು?"

"ನೀನೇ! ಸಂಬಂಧವೇ ಇಲ್ಲದ ನಿನ್ನಲ್ಲೂ ಇದೆ ಅಂದ್ರೆ ದಾರಿಲಿ ಹೋಗೋರಲ್ಲೂ ಇರೋದು. ಸಹಜ. ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಬರೆದುಬಿಡು — ತಾಯಿಯ ಕಡೆಯಿಂದ ದೋಷ ಕಂಡುಬಂದಿಲ್ಲ."

ಫೈಲು ಕೊಟ್ಟರು. ಅಕ್ಕ ಓದಿದ ನಂಬರು.

ಮೇಡಂ, ಮೇಡಂ ಅಂತ ಎರಡು ಸಲ ಅಂದೆ. "ಏನು?" ಅಂದರು. ಏನಿಲ್ಲ ಅಂದೆ.

ಸಂಬಂಧವೇ ಇಲ್ಲದವಳು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅಮ್ಮನೋ ಅಪ್ಪನೋ ಇಬ್ಬರಿಗೂ ಕೊಟ್ಟಿದ್ದು ಅದು. ಅವಳಂತೆ ನಾನೂ ಹೊತ್ತುಕೊಂಡು ಆರಾಮಾಗಿ ಓಡಾಡುತ್ತಿದ್ದೇನೆ. ಅದಕ್ಕೇ ಮೂರನೇ ಸಾಲಿನಲ್ಲೂ ಆ ಗೆರೆ, ಸಹಜವೆಂದಲ್ಲ.

ಮಾರ್ಚ್ 15

ಮೇಡಂ ನಿನ್ನೆಯೇ ಡಾಕ್ಟರಿಗೆ ಬಾಯಿಮಾತಲ್ಲಿ ತಿಳಿಸಿದ್ದಾರೆ. ಅಕ್ಕ ಫೋನ್ ಮಾಡಿ ನಕ್ಕಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! "ನನ್ನ ಕಡೆಯಿಂದ ಏನೂ ಇಲ್ಲವಂತೆ ಕಣೇ! ಗುಂಡನ ಎರಡನೇ ದೋಷ ಅವನಲ್ಲೇ ಹೊಸದಾಗಿ ಹುಟ್ಟಿದ್ದಿರಬೇಕಂತೆ. ಇನ್ನೊಂದು ಪರೀಕ್ಷೆಯ ಗೋಜೂ ಇಲ್ಲ. ನಿಮ್ಮ ಭಾವ ಆಗ್ಲೇ ತೊಟ್ಟಿಲು ನೋಡ್ತಿದ್ದಾರೆ." ಹಿಂದಿನಿಂದ ಭಾವ: "ಹಳೇದನ್ನೇ ರಿಪೇರಿ ಮಾಡ್ತೀನಿ ಅಂದೆ, ಅಷ್ಟೇ!"

"ಯಾಕೆ ಸುಮ್ಮನಿದ್ದೀಯ?"

"ಖುಷಿಗೆ" ಅಂದೆ.

ಮಾರ್ಚ್ 18

ರಿಪೋರ್ಟ್ ಬರೆದಿಲ್ಲ. ತಲೆನೋವು ಅಂದೆ. ಮೇಡಂ ಮಾತ್ರೆ ಕೊಟ್ಟರು. ನಾಳೆ ಕಳಿಸಲೇಬೇಕಂತೆ.

ಅದೇ ಸಂಜೆ

ಅಕ್ಕನ ಮನೆಗೆ ಹೋಗಿದ್ದೆ. ಹೇಳಲೆಂದೇ. ಅವಳ ಮುಖ ನೋಡಿ ಕಾಫಿ ಆಯ್ತಾ ಅಂತಷ್ಟೇ ಕೇಳಿದೆ.

ಗುಂಡ ಅವಳ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದ. "ಚಿಕ್ಕಮ್ಮಾ, ಪಾಪು ಬಂದ ಮೇಲೆ ನನ್ನನ್ನ ಎತ್ತಿ ನಿಲ್ಲಿಸತ್ತಾ?"

"ಅದಕ್ಕೇ ಮೊದಲು ನಿಲ್ಲೋಕೆ ಬರಬೇಕಲ್ಲೋ" ಅಂದಳು ಅಕ್ಕ ನಗುತ್ತ. ಅಂದವಳ ನಗು ತುಟಿಯಲ್ಲೇ ನಿಂತಿತು. ನನ್ನ ಕಡೆ ನೋಡಿದಳು. "ನಿಜವಾಗ್ಲೂ ಏನೂ ಇಲ್ಲ ಅಲ್ವೇನೇ? ನೀನು ಅಲ್ಲೇ ಇದ್ದೀಯಲ್ಲ. ಇದ್ದಿದ್ರೆ ಹೇಳ್ತಿದ್ದೆ ತಾನೇ?"

ನೀರು ಕುಡಿಯುವ ನೆವದಲ್ಲಿ ಎದ್ದು ಹೋದೆ.

ಇಲ್ಲ ಎಂದುಕೊಂಡು ಹೆರುತ್ತಾಳೆ. ಆ ಮಗುವೂ ಒಂದು ದಿನ ತನ್ನ ಮೊಣಕಾಲು ಹಿಡಿದು... ಆಗಲಿಕ್ಕಿಲ್ಲ. ಆಗಲೂಬಹುದು. ಗೊತ್ತಾದ ಮೇಲೆ ಏನು ಮಾಡಬೇಕೆನ್ನುವುದು ಅವಳಿಗೆ ಬಿಟ್ಟದ್ದು. ಗೊತ್ತಾಗದಂತೆ ಮಾಡಲು ನಾನ್ಯಾರು?

ಮಾರ್ಚ್ 19, ಬೆಳಿಗ್ಗೆ

ಬೇಗ ಎದ್ದೆ. ಮೊದಲ ಬಸ್ಸು ಹಿಡಿದರೆ ಮೇಡಂ ಕೋಟು ತೊಡುವಾಗಲೇ ಬಾಗಿಲಲ್ಲಿರುತ್ತೇನೆ. ಗ್ಲೌಸು ಹಾಕಿಕೊಳ್ಳುವ ಮೊದಲು. ಅಕ್ಕನಿಗೆ ಸಂಜೆ, ಪಕ್ಕದಲ್ಲಿ ಕೂತು. ಬೈಯಲಿ.

ದಾರಿಯಲ್ಲಿ ಮರೆಯದಂತೆ ಮೊದಲ ಮಾತು ಬರೆದುಕೊಳ್ಳುತ್ತೇನೆ.

ಮೇಡಂ, ಒಂದು ನಿಮಿಷ. ಆ ಮಗು ನಮ್ಮ ಅಕ್ಕನದು.