ನನ್ನ ಮಗಳನ್ನು ನಪಾಸು ಮಾಡಿಕೊಡಿ

ಬಾಗಲೂರು ಬಳಿಯ ಒಂದು ಹಳ್ಳಿಯಿಂದ
ಜೂನ್ ತಿಂಗಳ ಕೊನೆ, ೧೯೬೩

ನಮ್ಮ ಸೀಮೆಯ ಹೈಸ್ಕೂಲುಗಳ ಮೇಲೆ ಅಧಿಕಾರವುಳ್ಳ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಹೈಸ್ಕೂಲಿನಲ್ಲಿ ವ್ಯವಸಾಯ ಓದಿದಳು. ಆದ್ದರಿಂದ ಅವಳು ಕಾಲೇಜಿನಲ್ಲಿ ವ್ಯವಸಾಯ ಓದುವುದಕ್ಕೆ ಅನರ್ಹಳಂತೆ. ಈ ಎರಡು ವಾಕ್ಯಗಳನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ಬರೆಯುವಾಗ ನಾನು ಕೈತಪ್ಪಿ ಏನನ್ನೂ ಹಿಂದುಮುಂದು ಮಾಡಿಲ್ಲ. ನಿಮ್ಮ ಇಲಾಖೆಯ ನಿಯಮವೇ ಹೀಗಿದೆ.

ಈ ವಿಷಯವಾಗಿ ತಮಗೆ ಅರ್ಜಿ ಬರೆದುಕೊಂಡಿದ್ದೆ. ಉತ್ತರ ಬರಲಿಲ್ಲ. ಜ್ಞಾಪನ ಪತ್ರ ಬರೆದೆ, ಅದಕ್ಕೂ ಇಲ್ಲ. ಅರ್ಜಿ ಬರೆಯುವುದು ನನಗೆ ಹೊಸದಲ್ಲ. ನನ್ನ ತಂದೆ ಯಲಹಂಕದಲ್ಲಿ ಮೇಷ್ಟರಾಗಿದ್ದರು, ಹೆಣ್ಣುಮಗುವಾದರೂ ನನ್ನನ್ನು ಲೋವರ್ ಸೆಕೆಂಡರಿಯವರೆಗೆ ಓದಿಸಿದರು. ಮದುವೆಯಾಗಿ ಈ ಹಳ್ಳಿಗೆ ಬಂದಾಗಿನಿಂದ ಕೆರೆ ತೂಬಿನದು, ಖಾತೆಯದು, ಬಸ್ಸು ನಿಲ್ಲಿಸಬೇಕೆಂಬುದು, ಊರಿನ ಅರ್ಜಿಗಳನ್ನೆಲ್ಲ ಬರೆಯುವವಳು ನಾನೇ. ‘ಘನ ಸನ್ನಿಧಾನಕ್ಕೆ’ ಎಂದು ಶುರು ಮಾಡಿ ‘ತಮ್ಮ ಅತ್ಯಂತ ವಿಧೇಯ’ ಎಂದು ಮುಗಿಸಲು ಬರುತ್ತದೆ. ವಿಧೇಯಳಾಗಿದ್ದು ಸಾಕಾಗಿದೆ. ಈಗ ಎಲ್ಲರೂ ಓದುವ ಹಾಗೆ ಪತ್ರಿಕೆಗೇ ಬರೆಯುತ್ತಿದ್ದೇನೆ.

ನಮ್ಮದು ದ್ರಾಕ್ಷಿ ತೋಟ. ನಮ್ಮ ಮಗಳು ಮುನಿಕೃಷ್ಣಮ್ಮ ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಚಪ್ಪರದ ಎಲೆಗಳ ಅಡಿಯಲ್ಲೆಲ್ಲ ಬಿಳಿ ಬೂಷ್ಟು ಹಿಡಿಯಿತು. ಕಣ್ಣೆದುರಿಗೇ ಎಲೆ ಸುಟ್ಟ ಹಾಗಾಗಿ ಉದುರಿತು, ಹೀಚು ಗೊಂಚಲುಗಳು ಕಪ್ಪಾಗಿ ಕಳಚಿಬಿದ್ದವು. ಯಾರ ಕಣ್ಣು ಬಿತ್ತೋ ಎಂದು ನಾವು ತೆಂಗಿನಕಾಯಿ ಒಡೆದೆವು. ಕೊನೆಗೆ ಯಾರೋ ಹೇಳಿ ಕಳಿಸಿದ್ದಕ್ಕೆ ವ್ಯವಸಾಯ ಇಲಾಖೆಯ ಒಬ್ಬ ಯುವಕರು ಬಂದರು. ಗಾಜಿನ ಬಿಲ್ಲೆ ಹಿಡಿದು ಎಲೆ ನೋಡಿದರು, ಅದು ಎಂಥ ರೋಗ, ಹೇಗೆ ಹಬ್ಬುತ್ತದೆ, ಮೈಲುತುತ್ತ ಸುಣ್ಣ ಬೆರೆಸಿ ಯಾವಾಗ ಹೊಡೆಯಬೇಕು ಎಂದು ಹೇಳಿಕೊಟ್ಟರು. ಆ ಗಾಜಿನಲ್ಲಿ ನನ್ನ ಮಗಳೂ ನೋಡಿದಳು. ಅವತ್ತಿನಿಂದ ಅವಳದು ಒಂದೇ ಹಟ.

“ಅಮ್ಮಾ, ಅವರು ಎಲ್ಲಿ ಓದಿದ್ರಂತೆ? ನಾನೂ ಅಲ್ಲೇ ಓದ್ಬೇಕು.”

ಹೆಬ್ಬಾಳದ ಕಾಲೇಜು ಎಂದು ಗೊತ್ತಾದಾಗ ಅವಳಿಗೆ ಆದ ಸಂತೋಷ ಹೇಳತೀರದು. ಪೇಟೆಗೆ ಹೋಗುವಾಗಲೆಲ್ಲ ನಮ್ಮ ಬಸ್ಸು ಹಾದುಹೋಗುವ ದಾರಿ ಅದು! ಅಮೆರಿಕೆಯಲ್ಲಿಲ್ಲ, ಮದರಾಸಿನಲ್ಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆಗೆ ಬರಬಹುದು.

ಹೈಸ್ಕೂಲು ಸೇರಿದಾಗ ಅವಳು ಆಪ್ಷನಲ್ ವಿಷಯವಾಗಿ ವಿಜ್ಞಾನವನ್ನೇ ಬರೆಸಿದ್ದಳು. ಈ ಮಾತಿಗೆ ಗಮನ ಕೊಡಬೇಕಾಗಿ ಪ್ರಾರ್ಥನೆ. ವಿಜ್ಞಾನದ ತರಗತಿಯಲ್ಲಿ ಕೂತಿದ್ದಳು, ಪುಸ್ತಕಗಳಿಗೆ ರಟ್ಟು ಹಾಕಿದ್ದಳು. ಆಗ ನೀವು ಬಂದಿರಿ.

ನೆನಪಿದೆಯೇ ಸ್ವಾಮಿ? ನಮ್ಮ ಶಾಲೆ ವಿವಿಧೋದ್ದೇಶ ಪ್ರೌಢಶಾಲೆಯಾಗಿ, ಅದರಲ್ಲಿ ವ್ಯವಸಾಯದ ವಿಭಾಗ ತೆರೆದ ದಿನ. ಮಾವಿನೆಲೆಯ ತೋರಣ ಕಟ್ಟಿದ್ದೆವು. ನಮ್ಮ ತೋಟದ ದ್ರಾಕ್ಷಿಯನ್ನು ತಟ್ಟೆಯಲ್ಲಿಟ್ಟು ತಮ್ಮ ಮುಂದೆ ಇಟ್ಟಿದ್ದು ನಾನೇ, ಚೆನ್ನಾಗಿದೆ ಎಂದಿರಿ. ವಿಭಾಗದ ನೆನಪಿಗೆ ತಮ್ಮ ಕೈಯಲ್ಲಿ ಒಂದು ರಸಪುರಿ ಮಾವಿನ ಸಸಿ ನೆಡಿಸಿದರಲ್ಲ, ಅದಕ್ಕೆ ಕಸಿ ಕಟ್ಟಿದ್ದವಳು ನನ್ನ ಮಗಳು. ಅವಳ ತಾತ ಹೇಳಿಕೊಟ್ಟ ಹಾಗೆ ಸಸಿಯನ್ನೂ ಕೊಂಬೆಯನ್ನೂ ಕೆತ್ತಿ, ಸೇರಿಸಿ, ಬಾಳೆನಾರು ಸುತ್ತಿ, ಕೂಡಿಕೊಳ್ಳುವ ತನಕ ದಿನಾ ಹೋಗಿ ನೋಡಿ ಬಂದಿದ್ದಳು. ಹೆಡ್ಮಾಸ್ಟರು ಹೆಮ್ಮೆಯಿಂದ ಅವಳನ್ನು ತಮ್ಮ ಮುಂದೆ ನಿಲ್ಲಿಸಿದರು. ತಾವು ಬೆನ್ನು ತಟ್ಟಿ, “ಮುಂದೆ ಏನು ಓದಬೇಕಮ್ಮಾ ನಿನಗೆ?” ಎಂದು ಕೇಳಿದಿರಿ.

“ವ್ಯವಸಾಯದ ಕಾಲೇಜಿಗೆ ಹೋಗ್ಬೇಕು ಸಾರ್.”

“ಆಪ್ಷನಲ್ ಏನು ತಗೊಂಡಿದ್ದೀ?”

“ವಿಜ್ಞಾನ ಸಾರ್.”

ತಾವು ನಕ್ಕಿರಿ. ಇಡೀ ಸಭೆಯ ಕಡೆ ತಿರುಗಿ, “ನೋಡಿ, ನಮ್ಮ ಮಕ್ಕಳು ತಪ್ಪುವುದೇ ಇಲ್ಲಿ. ವ್ಯವಸಾಯ ಕಾಲೇಜಿಗೆ ಹೋಗುವವಳಿಗೆ ವ್ಯವಸಾಯದ ವಿಭಾಗ ಎದುರಿಗೇ ಇರುವಾಗ ಇನ್ನೇನು ಯೋಚನೆ? ನಾಳೆಯೇ ಬದಲಾಯಿಸಿಕೊ ಮಗು” ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾರನೇ ದಿನ ಹೆಡ್ಮಾಸ್ಟರು ಅವಳ ಹೆಸರನ್ನು ಈ ವಿಭಾಗದಿಂದ ಆ ವಿಭಾಗಕ್ಕೆ ಬದಲಾಯಿಸಿದರು. ಅಧಿಕಾರಿಗಳು ಸಭೆಯಲ್ಲಿ ಹೇಳಿದ ಮೇಲೆ ಬೇಡ ಎನ್ನಲು ಅವರಿಗೆ ಎರಡು ತಲೆ ಇದೆಯೇ? ನಮಗಾದರೂ ಅನುಮಾನ ಯಾಕೆ ಬರಬೇಕು? ಒಕ್ಕಲು ಮನೆಯ ಹುಡುಗಿ, ವ್ಯವಸಾಯದ ವಿಷಯ, ವ್ಯವಸಾಯದ ಕಾಲೇಜು. ಒಂದೇ ಕಾಲುವೆಯ ನೀರು ನೆಟ್ಟಗೆ ಹರಿದುಹೋಗುತ್ತದೆ ಎಂದುಕೊಂಡೆವು. ನಡುವೆ ನೀವು ಬದು ಹಾಕಿಟ್ಟಿದ್ದು ನಮಗೆ ಹೇಗೆ ತಿಳಿಯಬೇಕು?

ಮಗಳು ಚೆನ್ನಾಗಿ ಓದಿದಳು. ಮಣ್ಣಿನ ಜಾತಿ, ಗೊಬ್ಬರ, ಬಿತ್ತನೆ, ಕಸಿ, ಎಲ್ಲದರಲ್ಲೂ ಶಾಲೆಗೇ ಮೊದಲು. ಹೆಡ್ಮಾಸ್ಟರ ಮನೆಯ ಹಿತ್ತಲಲ್ಲಿ ಕಳೆ ಕೀಳುವ ಪ್ರಾಯೋಗಿಕ ತರಗತಿಯಲ್ಲೂ ಮೊದಲು. ಎಸ್.ಎಸ್.ಎಲ್.ಸಿ. ಮೊದಲನೇ ದರ್ಜೆಯಲ್ಲಿ ಪಾಸಾದಳು. ಊರಿಗೆಲ್ಲ ಸಕ್ಕರೆ ಹಂಚಿದೆವು.

ಆಮೇಲೆ ಪೇಟೆಯ ಕಾಲೇಜಿಗೆ ಪಿ.ಯು.ಸಿ. ಸೇರಿಸಲು ಹೋದೆವು, ನಾನು, ನನ್ನ ಯಜಮಾನರು ಪಿಳ್ಳಣ್ಣ, ಮಗಳು. ವ್ಯವಸಾಯ ಕಾಲೇಜಿನವರು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಬನ್ನಿ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ರೋಗ ಔಷಧಿ ಎಂದ ಮೇಲೆ ರಸಾಯನಶಾಸ್ತ್ರ ಬೇಡವೇ? ಆದರೆ ಪಿ.ಯು.ಸಿ. ವಿಜ್ಞಾನಕ್ಕೆ ಸೇರಬೇಕಾದರೆ ಹೈಸ್ಕೂಲಿನಲ್ಲಿ ವಿಜ್ಞಾನವೇ ಆಪ್ಷನಲ್ ಆಗಿರಬೇಕಂತೆ. ಕಿಟಕಿಯ ಹಿಂದೆ ಇದ್ದ ಗುಮಾಸ್ತರು ಸರ್ಟಿಫಿಕೇಟನ್ನು ಹೊರಗೆ ತಳ್ಳಿದರು.

“ಇದು ವ್ಯವಸಾಯ ಕಣಮ್ಮಾ. ಸೈನ್ಸಿಗೆ ಬರಲ್ಲ. ಆರ್ಟ್ಸ್ ತಗೊಳ್ಳಿ. ಇತಿಹಾಸ ಇದೆ, ತರ್ಕಶಾಸ್ತ್ರ ಇದೆ.”

“ಇವ್ಳು ವ್ಯವಸಾಯದ ಕಾಲೇಜಿಗೆ ಹೋಗ್ಬೇಕು ಸ್ವಾಮಿ” ಎಂದರು ನನ್ನ ಯಜಮಾನರು.

“ಹಾಗಿದ್ರೆ ವ್ಯವಸಾಯ ಯಾಕ್ರೀ ತಗೊಂಡ್ರಿ?”

ಈ ಪ್ರಶ್ನೆಗೆ ಉತ್ತರವನ್ನು ತಾವೇ ದಯಪಾಲಿಸಬೇಕು. ತರ್ಕಶಾಸ್ತ್ರ ಓದಿದರೆ ದ್ರಾಕ್ಷಿಯ ಬೂಷ್ಟು ಹೋಗುತ್ತದೆಯೇ ಎಂದು ಕೇಳಬೇಕೆನಿಸಿತು. ಆದರೆ ಮಗಳ ಮುಖ ನೋಡಿ, ಸರ್ಟಿಫಿಕೇಟನ್ನು ಮಡಚಿಕೊಂಡು ಹೊರಟೆ. ವಾಪಸು ಬರುವಾಗ ಬಸ್ಸು ಹೆಬ್ಬಾಳ ದಾಟುತ್ತಿತ್ತು. ಯಾವಾಗಲೂ ಕಿಟಕಿಯ ಪಕ್ಕಕ್ಕೇ ಕೂರುವ ಹುಡುಗಿ ತಲೆ ಬಗ್ಗಿಸಿ ಬಳೆ ತಿರುಗಿಸುತ್ತಾ ಕೂತಿದ್ದಳು. ಯಲಹಂಕದಲ್ಲಿ ಇಳಿದ ಮೇಲೆ ಅವರಪ್ಪ ನನಗೊಬ್ಬಳಿಗೇ ಕೇಳಿಸುವ ಹಾಗೆ, “ಇಂಗ್ ಆಗೋದಾದ್ರೆ ಸೈನ್ಸಲ್ಲೇ ಇರ್ತಿದ್ಲಲ್ಲಮ್ಮಿ. ಆ ದೊಡ್ಡ ಮನುಸ್ರು ಯಾಕಂಗ್ ಏಳಿದ್ರು?” ಎಂದರು.

ಯಾಕೆ ಹೇಳಿದಿರಿ ಸ್ವಾಮಿ? ತಿಳಿದು ಹೇಳಿದಿರೋ, ತಿಳಿಯದೆ ಹೇಳಿದಿರೋ? ತಿಳಿದು ಹೇಳಿದ್ದರೆ ಆ ಮಗು ನಿಮಗೇನು ಅನ್ಯಾಯ ಮಾಡಿತ್ತು? ತಿಳಿಯದೆ ಹೇಳಿದ್ದರೆ, ತಮ್ಮದೇ ಇಲಾಖೆಯ ನಿಯಮ ತಮಗೇ ಗೊತ್ತಿಲ್ಲದಿದ್ದರೆ, ಒಕ್ಕಲು ಮನೆಯ ಹೆಂಗಸಾದ ನನಗೆ ಗೊತ್ತಿರಬೇಕಿತ್ತು ಎಂದು ಯಾವ ಬಾಯಲ್ಲಿ ಹೇಳುತ್ತೀರಿ? ಒಳಗೆ ಬನ್ನಿ ಎಂದು ಕೈಹಿಡಿದು ಕರೆದುಕೊಂಡಿರಿ. ಆ ಕೋಣೆಗೆ ಹಿಂಬಾಗಿಲು ಇಲ್ಲ ಎಂದು ಒಂದು ಮಾತು ಹೇಳಲಿಲ್ಲ. ಡಾಕ್ಟರ ಮಗ, ವಕೀಲರ ಮಗ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಮನೆಯಲ್ಲೇ ಹೇಳುವವರಿರುತ್ತಾರೆ. ನಮ್ಮಂಥವರ ಮನೆಯಲ್ಲಿ ಅದನ್ನು ಹೇಳುವವರು ನೀವೊಬ್ಬರೇ. ಅದಕ್ಕೇ ಅಲ್ಲವೇ ನಿಮ್ಮ ಮಾತಿಗೆ ನಾವು ಚಪ್ಪಾಳೆ ತಟ್ಟಿದ್ದು?

ನಿಮ್ಮ ಕಚೇರಿಗೂ ಬಂದೆ. ನೀವು ಪ್ರವಾಸದಲ್ಲಿದ್ದಿರಿ. ಮತ್ತೆ ಬಂದೆ, ಮೀಟಿಂಗಿನಲ್ಲಿದ್ದಿರಿ. ನಿಮ್ಮ ಸೂಪರಿಂಟೆಂಡೆಂಟರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಕಡತ ನೋಡಿ, ಕನ್ನಡಕ ತೆಗೆದು, “ನೋಡಿಯಮ್ಮಾ, ರೂಲ್ಸಲ್ಲಿ ಒಂದೇ ದಾರಿ. ಸೈನ್ಸ್ ಬೇಕೇಬೇಕು ಅಂದ್ರೆ ನಿಮ್ಮ ಹುಡುಗಿ ಮತ್ತೆ ಎಂಟನೇ ಕ್ಲಾಸಿಂದ ಸೈನ್ಸ್ ಓದ್ಕೊಂಡು ಬರ್ಬೇಕು” ಎಂದರು. ತಮಾಷೆಗೆ ಹೇಳಿದರೋ, ಏನೋ. ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅದನ್ನು ಒಂದು ಬೈಗುಳದ ಹಾಗೆ ಗಂಡನಿಗೆ ಹೇಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು ಕೇಳಿಸಿಕೊಂಡಳು.

ಹೋದ ಸೋಮವಾರ ಬೆಳಿಗ್ಗೆ ನಾನು ಕೊಟ್ಟಿಗೆಯಿಂದ ಒಳಗೆ ಬಂದು ನೋಡುತ್ತೇನೆ, ಅವಳು ದಾವಣಿ ಬಿಚ್ಚಿಟ್ಟು ಹಳೆಯ ಲಂಗ ರವಿಕೆ ಹಾಕಿಕೊಂಡಿದ್ದಾಳೆ. ಲಂಗ ಹಿಮ್ಮಡಿಗಿಂತ ಎಷ್ಟೋ ಮೇಲಕ್ಕೆ ಬಂದಿದೆ. ಕೂದಲನ್ನು ಎರಡು ಜಡೆ ಮಾಡಿ, ಮಡಿಸಿ, ರಿಬ್ಬನ್ ಕಟ್ಟಿಕೊಂಡಿದ್ದಾಳೆ.

“ಏನೇ ಇದು?”

“ಸ್ಕೂಲಿಗೆ ಹೋಗ್ತೀನಮ್ಮ. ಎಂಟನೇ ಕ್ಲಾಸಿಗೆ. ಮೂರು ವರ್ಷ ತಾನೆ? ಓದ್ತೀನಿ.”

“ನಿಂಗೇನ್ ಹುಚ್ಚಾ? ಆ ಮಕ್ಕಳ ಜೊತೆ ಕೂತ್ಕೋತೀಯಾ?”

“ಕೂತ್ಕೋತೀನಿ. ನಗ್ಲಿ ಬಿಡು.”

ಹೋದಳು. ಎಂಟನೇ ತರಗತಿಯ ವಿಜ್ಞಾನ ವಿಭಾಗದ ಕೊನೆಯ ಬೆಂಚಿನಲ್ಲಿ ಕೂತಳು. ಚಿಕ್ಕ ಹುಡುಗಿಯರು ಅಕ್ಕಾ, ಅಕ್ಕಾ ಎಂದು ಸರಿದು ಜಾಗ ಕೊಟ್ಟರಂತೆ. ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಹೆಡ್ಮಾಸ್ಟರು ಅವಳನ್ನು ಹೊರಗೆ ಕರೆತಂದು, ನೀವು ನೆಟ್ಟ ಮಾವಿನ ಗಿಡದ ಹತ್ತಿರ ನಿಲ್ಲಿಸಿಕೊಂಡಿದ್ದರು. ಅವರ ಕಣ್ಣಲ್ಲೂ ನೀರಿತ್ತು.

“ಸೇರಿಸ್ಕೊಳ್ಳೋಕೆ ಆಗಲ್ಲ ಲಕ್ಕಮ್ಮನವರೇ. ಪಾಸಾದವರನ್ನ ಮತ್ತೆ ಅದೇ ಸ್ಕೂಲಿಗೆ ತಗೊಳ್ಳೋಕೆ ರೂಲ್ಸಿಲ್ಲ. ಫೇಲಾಗಿದ್ದಿದ್ರೆ ಹೇಗೋ ನೋಡ್ಬಹುದಾಗಿತ್ತು.”

ಗೊತ್ತಾಯಿತೇ ಮಾನ್ಯರೇ? ಮುಂದೆ ಹೋಗಲು ವ್ಯವಸಾಯ ಓದಿದ್ದು ಅಡ್ಡ. ಹಿಂದೆ ಹೋಗಲು ಪಾಸಾಗಿದ್ದು ಅಡ್ಡ. ನನ್ನ ಮಗಳು ಮಾಡಿದ ಅಪರಾಧಗಳು ಇವೆರಡೇ, ನಿಮ್ಮ ಮಾತು ಕೇಳಿದ್ದು, ಚೆನ್ನಾಗಿ ಓದಿದ್ದು. ಅವತ್ತಿನಿಂದ ಅವಳು ಚಪ್ಪರದ ಕೆಳಗೆ ಕಾಲಿಟ್ಟಿಲ್ಲ. ಎಲೆ ಮಗುಚಿ ನೋಡದೆ ತೋಟ ದಾಟದ ಹುಡುಗಿ ಈಗ ತೋಟದ ಕಡೆಯ ಕಿಟಕಿಯನ್ನು ತೆರೆಯುವುದಿಲ್ಲ. ತಟ್ಟೆಯ ಮುಂದೆ ಕೂತು ಎದ್ದುಹೋಗುತ್ತಾಳೆ. ಅಳುವುದೂ ಇಲ್ಲ. ಅತ್ತರೆ ಸಮಾಧಾನ ಮಾಡಬಹುದಿತ್ತು. ಲಗ್ನ ಮಾಡಿ ಕಳಿಸಿಬಿಡು, ಎಲ್ಲ ಸರಿಹೋಗುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ನನಗೆ ಭಯವಾಗುತ್ತಿದೆ ಸ್ವಾಮಿ. ಊರಿಗೆಲ್ಲ ಅರ್ಜಿ ಬರೆದ ಕೈ ಇದು, ನನ್ನ ಮಗಳಿಗೆ ಮಾತ್ರ ಏನು ಬರೆದರೆ ಉಪಯೋಗವಾದೀತು ಎಂದು ತಿಳಿಯುತ್ತಿಲ್ಲ.

ಕಾಲೇಜಿನ ಪ್ರವೇಶ ಇನ್ನೇನು ಮುಗಿಯುತ್ತದೆ. ಅವಳನ್ನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಿಕೊಳ್ಳಿ ಎಂದು ತಾವು ಒಂದು ಆಜ್ಞೆ ಬರೆದರೆ ಸಾಕು. ಓದದೆ ಬಿಟ್ಟ ಪಾಠವನ್ನು ಅವಳು ಓದಿಕೊಳ್ಳುತ್ತಾಳೆ, ಆ ಭಾರ ನನ್ನದು. ಬೇಕಾದರೆ ಪರೀಕ್ಷೆ ಇಟ್ಟು ನೋಡಿ. ಅದು ತಮ್ಮ ಅಧಿಕಾರಕ್ಕೆ ಮೀರಿದ್ದು ಎನ್ನುವುದಾದರೆ, ತಮ್ಮ ಅಧಿಕಾರದಲ್ಲೇ ಇರುವ ಇನ್ನೊಂದು ಕೆಲಸ ಮಾಡಿಕೊಡಿ. ನನ್ನ ಮಗಳನ್ನು ನಪಾಸು ಮಾಡಿ. ಅವಳ ಮೊದಲನೇ ದರ್ಜೆಯನ್ನು ವಾಪಸು ತೆಗೆದುಕೊಳ್ಳಿ. ನಾವು ಹಂಚಿದ ಸಕ್ಕರೆಯನ್ನು ಜನ ತಿಂದಾಗಿದೆ, ಅದೊಂದನ್ನು ವಾಪಸು ಕೊಡಲಾರೆವು. ಮಕ್ಕಳನ್ನು ಪಾಸು ಮಾಡಿ ಎಂದು ಬೇಡುವ ತಾಯಂದಿರನ್ನು ತಾವು ಬೇಕಾದಷ್ಟು ನೋಡಿರುತ್ತೀರಿ. ನಪಾಸು ಮಾಡಿ ಎಂದು ಸೆರಗೊಡ್ಡಿ ಬೇಡುವವಳು ನಾನೊಬ್ಬಳೇ ಇರಬೇಕು. ನಪಾಸಾದರೆ ಅವಳಿಗೆ ಎಂಟನೇ ತರಗತಿಯ ಕೊನೆಯ ಬೆಂಚಾದರೂ ಸಿಗುತ್ತದೆ.

ಬರುವ ವಾರ ತಾವು ಮತ್ತೆ ನಮ್ಮ ಶಾಲೆಗೆ ಬರುತ್ತೀರಂತೆ. ಹೊಸ ಮಕ್ಕಳು ವಿಷಯ ಆರಿಸಿಕೊಳ್ಳುವ ಸಮಯ, ವ್ಯವಸಾಯದ ವಿಭಾಗಕ್ಕೆ ಸಾಕಷ್ಟು ಮಕ್ಕಳು ಸೇರಿಲ್ಲವೆಂದು ಭಾಷಣ ಮಾಡಲು ಕರೆದಿದ್ದಾರಂತೆ. ಬನ್ನಿ. ತಾವು ನೆಟ್ಟ ರಸಪುರಿ ಈ ಬೇಸಿಗೆಯಲ್ಲಿ ಮೊದಲ ಕಾಯಿ ಬಿಟ್ಟಿದೆ, ತಮಗೆಂದು ಎರಡು ಹಣ್ಣು ಎತ್ತಿಟ್ಟಿದ್ದಾರೆ. ಮಕ್ಕಳು ಅಂಗಳದಲ್ಲಿ ಎರಡು ಸಾಲಾಗಿ ನಿಂತಿರುತ್ತಾರೆ, ವಿಜ್ಞಾನದವರು ಒಂದು ಕಡೆ, ವ್ಯವಸಾಯದವರು ಒಂದು ಕಡೆ. ಮಗಳನ್ನೂ ಕರೆದುಕೊಂಡು ಬರುತ್ತೇನೆ. ಹೇಗಾದರೂ ಒಪ್ಪಿಸಿ, ಕೈಹಿಡಿದು ಕರೆತರುತ್ತೇನೆ. ಅವಳು ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಆ ಮಕ್ಕಳೆಲ್ಲರಿಗೂ ಕೇಳಿಸುವ ಹಾಗೆ ತಾವೇ ಹೇಳಬೇಕು. ಮೊದಲ ಸಲ ಹೇಳಿದಷ್ಟೇ ಗಟ್ಟಿಯಾಗಿ.

ಇಂತಿ,
ಅಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ,
ಪಾಸಾದ ಮಗಳ ನತದೃಷ್ಟ ತಾಯಿ,
ಲಕ್ಕಮ್ಮ